ಹೈಡಾ ಸ್ಕ್ಯಾನ್: ಪಿತ್ತರಸ ಸರಿಯಾಗಿ ಹರಿಯುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಯಾರಾದರೂ ಸಿಟ್ಟಾದರೆ 'ಪಿತ್ತ ನೆತ್ತಿಗೇರಿದೆ' ಎನ್ನುತ್ತೇವೆ. ಬೆಳಗ್ಗೆ ಎದ್ದಾಗ ಬಾಯಿ ಕಹಿಯಾಗಿದ್ದರೆ, ತಲೆ ಸುತ್ತಿದರೆ 'ಪಿತ್ತ ಜಾಸ್ತಿಯಾಗಿದೆ' ಎಂದು ಶುಂಠಿ ಕಷಾಯ ಕುಡಿಯುತ್ತೇವೆ. ಆದರೆ ವೈದ್ಯರು ಪಿತ್ತರಸ ಎಂದು ಕರೆಯುವ ಹಸಿರು ಮಿಶ್ರಿತ ಹಳದಿ ದ್ರವ ನೆತ್ತಿಗೇರುವುದಿಲ್ಲ. ಅದರ ದಾರಿ ಹೊಟ್ಟೆಯ ಬಲಭಾಗದಲ್ಲಿ ಕೆಲವೇ ಇಂಚುಗಳಷ್ಟು ಉದ್ದದ್ದು. ಆ ದಾರಿಯಲ್ಲಿ ಎಲ್ಲಾದರೂ ಅಡ್ಡಿಯಾದರೆ ಮಾತ್ರ ತೊಂದರೆ ದೊಡ್ಡದು: ತಡೆಯಲಾರದ ನೋವು, ಜ್ವರ, ಕಾಮಾಲೆ, ಕೆಲವೊಮ್ಮೆ ಜೀವಕ್ಕೇ ಅಪಾಯ.

ಪಿತ್ತರಸ ಎಲ್ಲಿಂದ ಹೊರಟು ಎಲ್ಲಿ ನಿಂತಿತು ಎಂಬುದನ್ನು ಅದರ ಹಿಂದೆಯೇ ಹೋಗಿ ನೋಡುವ ಒಂದು ಪರೀಕ್ಷೆ ಇದೆ. ಅದರ ಹೆಸರು ಹೈಡಾ ಸ್ಕ್ಯಾನ್. ವೈದ್ಯರು ಇದನ್ನು ಬರೆದುಕೊಟ್ಟಾಗ ಚೀಟಿಯ ಮೇಲೆ 'ನ್ಯೂಕ್ಲಿಯರ್ ಮೆಡಿಸಿನ್' ಎಂಬ ಪದ ಕಂಡು ಹೆದರುವವರು ಹಲವರು. ಈ ಪರೀಕ್ಷೆ ಏನು, ಯಾರಿಗೆ ಬೇಕು, ಇದರಿಂದ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಪಿತ್ತರಸದ ದಾರಿ

ಮೊದಲು ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ಸರಿಪಡಿಸಿಕೊಳ್ಳೋಣ. ಪಿತ್ತಕೋಶ ಪಿತ್ತರಸವನ್ನು ತಯಾರಿಸುವುದಿಲ್ಲ. ಅದನ್ನು ತಯಾರಿಸುವುದು ಯಕೃತ್ತು, ಅಂದರೆ ಲಿವರ್. ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸ ಅಲ್ಲಿ ತಯಾರಾಗುತ್ತದೆ. ಯಕೃತ್ತಿನ ಅಡಿಯಲ್ಲಿ ಅಂಟಿಕೊಂಡಿರುವ ಸಣ್ಣ ಚೀಲವೇ ಪಿತ್ತಕೋಶ. ಅದು ಕೇವಲ ಉಗ್ರಾಣ. ಊಟವಿಲ್ಲದ ಹೊತ್ತಿನಲ್ಲಿ ಪಿತ್ತರಸವನ್ನು ತುಂಬಿಟ್ಟುಕೊಂಡು, ನೀರಿನಂಶ ಹೀರಿ ಗಟ್ಟಿ ಮಾಡುತ್ತದೆ. ಅದರಲ್ಲಿ ಹಿಡಿಸುವುದು ಸುಮಾರು 30ರಿಂದ 50 ಮಿಲಿಲೀಟರ್.

ನಾವು ತುಪ್ಪ ಹಾಕಿದ ಹೋಳಿಗೆಯನ್ನೋ ಎಣ್ಣೆಯಲ್ಲಿ ಕರಿದ ಬಜ್ಜಿಯನ್ನೋ ತಿಂದಾಗ, ಅದರ ಕೊಬ್ಬು ಸಣ್ಣ ಕರುಳಿನ ಮೊದಲ ಭಾಗವನ್ನು ಮುಟ್ಟಿದ ಕೂಡಲೇ ಅಲ್ಲಿಂದ ಕೊಲಿಸಿಸ್ಟೊಕೈನಿನ್ ಎಂಬ ಹಾರ್ಮೋನ್ ರಕ್ತಕ್ಕೆ ಸೇರುತ್ತದೆ. ಅದರ ಸೂಚನೆಯಂತೆ ಪಿತ್ತಕೋಶ ಹಿಂಡಿಕೊಳ್ಳುತ್ತದೆ. ಪಿತ್ತನಾಳದ ತುದಿಯಲ್ಲಿರುವ ಓಡಿ ಎಂಬ ಬಿಗಿಸ್ನಾಯು ಸಡಿಲಗೊಳ್ಳುತ್ತದೆ. ಪಿತ್ತರಸ ಕರುಳಿಗೆ ಇಳಿದು ಕೊಬ್ಬನ್ನು ಜೀರ್ಣಿಸಲು ನೆರವಾಗುತ್ತದೆ. ಎಣ್ಣೆ ಪದಾರ್ಥ ತಿಂದು ಸ್ವಲ್ಪ ಹೊತ್ತಿನ ಮೇಲೆ ಬಲಗಡೆ ಪಕ್ಕೆಯ ಕೆಳಗೆ ಹಿಡಿದುಕೊಂಡಂಥ ನೋವು ಬಂದು ಬಲ ಭುಜದ ಕಡೆಗೆ ಹರಡಿದರೆ ಪಿತ್ತಕೋಶದ ಮೇಲೆ ಅನುಮಾನ ಬರುವುದು ಇದೇ ಕಾರಣಕ್ಕೆ. ನಮ್ಮಲ್ಲಿ ಹೆಚ್ಚಿನವರು ಇದನ್ನು 'ಗ್ಯಾಸ್ಟ್ರಿಕ್' ಎಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗುತ್ತಾ ಕಾಲ ತಳ್ಳುತ್ತಾರೆ.

ಅಲ್ಟ್ರಾಸೌಂಡ್ ಇರುವಾಗ ಇದೇಕೆ?

ಪಿತ್ತಕೋಶದ ಅನುಮಾನ ಬಂದಾಗ ಮೊದಲು ಮಾಡುವುದು ಅಲ್ಟ್ರಾಸೌಂಡ್ ಪರೀಕ್ಷೆಯೇ, ಅದೇ ಸರಿ. ಅದಕ್ಕೆ ಖರ್ಚು ಕಡಿಮೆ, ವಿಕಿರಣ ಇಲ್ಲ, ಸಣ್ಣ ಊರುಗಳಲ್ಲೂ ಸಿಗುತ್ತದೆ. ಪಿತ್ತಕೋಶದೊಳಗಿನ ಕಲ್ಲುಗಳನ್ನು ಅದು ಬಹಳ ಚೆನ್ನಾಗಿ ತೋರಿಸುತ್ತದೆ.

ಆದರೆ ಕಲ್ಲು ಇದೆ ಎಂದ ಮಾತ್ರಕ್ಕೆ ಈಗಿನ ನೋವಿಗೆ ಅದೇ ಕಾರಣ ಎನ್ನಲಾಗದು. ಕಲ್ಲಿದ್ದೂ ಜೀವಮಾನವಿಡೀ ಆರಾಮಾಗಿರುವವರು ಬಹಳ. ಇನ್ನೊಂದೆಡೆ, ಕಲ್ಲೇ ಇಲ್ಲದೆ ಪಿತ್ತಕೋಶ ಊದಿಕೊಳ್ಳುವುದೂ ಉಂಟು. ಅಲ್ಟ್ರಾಸೌಂಡ್, ಸಿಟಿ ಮುಂತಾದವು ಮುಖ್ಯವಾಗಿ ಅಂಗದ ಆಕಾರವನ್ನು ತೋರಿಸುತ್ತವೆ. ಅಡಿಕೆ ತೋಟದ ಕಾಲುವೆಯನ್ನು ದಡದಲ್ಲಿ ನಿಂತು ನೋಡಿದಂತೆ ಅದು: ಕಾಲುವೆ ಎಷ್ಟು ಅಗಲವಿದೆ, ಎಲ್ಲಿ ಕಲ್ಲು ಬಿದ್ದಿದೆ ಎಂಬುದು ಕಾಣುತ್ತದೆ. ಆದರೆ ನೀರು ಕೊನೆಯ ಸಾಲಿನ ಗಿಡಕ್ಕೆ ಮುಟ್ಟುತ್ತಿದೆಯೇ ಎಂದು ತಿಳಿಯಬೇಕಾದರೆ ನೀರನ್ನೇ ಬಿಟ್ಟು ನೋಡಬೇಕು. ಹೈಡಾ ಸ್ಕ್ಯಾನ್ ಮಾಡುವುದು ಈ ಎರಡನೆಯ ಕೆಲಸವನ್ನು.

ಈ ವ್ಯತ್ಯಾಸ ಅಂಕಿಗಳಲ್ಲೂ ಕಾಣುತ್ತದೆ. ಪಿತ್ತಕೋಶದ ತೀವ್ರ ಉರಿಯೂತದ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ನಿಜವಾಗಿ ಕಾಯಿಲೆ ಇರುವ 100 ಜನರಲ್ಲಿ ಹೈಡಾ ಸ್ಕ್ಯಾನ್ ಸುಮಾರು 96 ಜನರನ್ನು ಗುರುತಿಸುತ್ತದೆ. ಅಲ್ಟ್ರಾಸೌಂಡ್ ಸುಮಾರು 81 ಜನರನ್ನು. ಹಾಗೆಂದು ಎಲ್ಲರಿಗೂ ಹೈಡಾ ಬೇಕಿಲ್ಲ. ಲಕ್ಷಣ, ರಕ್ತಪರೀಕ್ಷೆ ಮತ್ತು ಅಲ್ಟ್ರಾಸೌಂಡ್ ಮೂರೂ ಒಂದೇ ಮಾತು ಹೇಳುತ್ತಿದ್ದರೆ ಅಲ್ಲಿಗೆ ಮುಗಿಯಿತು. ಅವು ಒಂದಕ್ಕೊಂದು ಹೊಂದದಿದ್ದಾಗ ಈ ಪರೀಕ್ಷೆಯ ಸರದಿ ಬರುತ್ತದೆ.

ದೇಹಕ್ಕೆ ಕೊಡುವ ವಸ್ತು ಯಾವುದು?

ಕೈಯ ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್ನಿನಲ್ಲಿ ಎರಡು ಭಾಗಗಳಿರುತ್ತವೆ. ಒಂದು, ಯಕೃತ್ತು ತಾನಾಗಿಯೇ ಎಳೆದುಕೊಳ್ಳುವ ಔಷಧದ ಅಣು. ಈಗ ಹೆಚ್ಚು ಬಳಕೆಯಲ್ಲಿರುವುದು ಮೆಬ್ರೊಫೆನಿನ್. ರಕ್ತದಲ್ಲಿರುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಯಕೃತ್ತಿನ ಜೀವಕೋಶಗಳು ಯಾವ ಬಾಗಿಲಿನಿಂದ ಒಳಗೆ ಸೇರಿಸಿಕೊಳ್ಳುತ್ತವೆಯೋ ಅದೇ ಬಾಗಿಲಿನಿಂದ ಇದನ್ನೂ ಸೇರಿಸಿಕೊಂಡು ಪಿತ್ತರಸಕ್ಕೆ ಬಿಡುತ್ತವೆ. ಎರಡು, ಆ ಅಣುವಿಗೆ ಅಂಟಿಸಿದ ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ಪರಮಾಣು. ಇದು ಗ್ಯಾಮಾ ಕಿರಣಗಳನ್ನು ಹೊಮ್ಮಿಸುತ್ತಾ 'ನಾನು ಇಲ್ಲಿದ್ದೇನೆ' ಎಂದು ಸುಳಿವು ಕೊಡುತ್ತಿರುತ್ತದೆ. ಹೊರಗಿರುವ ಗ್ಯಾಮಾ ಕ್ಯಾಮೆರಾ ಆ ಸುಳಿವನ್ನು ಹಿಡಿದು ಚಿತ್ರವಾಗಿಸುತ್ತದೆ.

ಟೆಕ್ನೀಷಿಯಂ ಕಥೆಯೂ ಸ್ವಾರಸ್ಯಕರ. 1937ರಲ್ಲಿ ಇಟಲಿಯ ಪಲೆರ್ಮೊದಲ್ಲಿ ಎಮಿಲಿಯೊ ಸೆಗ್ರೆ ಮತ್ತು ಕಾರ್ಲೊ ಪೆರಿಯೆ ಇದನ್ನು ಪತ್ತೆ ಮಾಡಿದರು. ಕೃತಕವಾಗಿ ಸಿಕ್ಕ ಮೊದಲ ಮೂಲವಸ್ತು ಇದು. ಹೆಸರಿನ ಅರ್ಥವೂ 'ಕೃತಕ' ಎಂದೇ. ಇದರ 99ಎಂ ರೂಪದ ಅರ್ಧಾಯುಷ್ಯ 6 ಗಂಟೆ. ಪರೀಕ್ಷೆ ಮುಗಿಯುವಷ್ಟು ಹೊತ್ತು ಇರುತ್ತದೆ, ಆಮೇಲೆ ಬೇಗ ಕ್ಷೀಣಿಸುತ್ತದೆ. ಹಾಗಾದರೆ ಆಸ್ಪತ್ರೆಗೆ ದಾಸ್ತಾನು ತರಿಸಿಡುವುದು ಹೇಗೆ? ಅದನ್ನು ತರಿಸುವುದೇ ಇಲ್ಲ. ಸುಮಾರು 66 ಗಂಟೆ ಅರ್ಧಾಯುಷ್ಯವಿರುವ ಮಾಲಿಬ್ಡಿನಂ-99 ಅನ್ನು ಸೀಸದ ಕವಚದ ಪೆಟ್ಟಿಗೆಯಲ್ಲಿ ತರಿಸುತ್ತಾರೆ. ಅದು ಒಳಗೇ ಟೆಕ್ನೀಷಿಯಂ ಆಗಿ ಬದಲಾಗುತ್ತಿರುತ್ತದೆ. ಬೇಕಾದಾಗ ಉಪ್ಪುನೀರು ಹಾಯಿಸಿ ಅದನ್ನು ಇಳಿಸಿಕೊಳ್ಳುತ್ತಾರೆ. ಈ ಪೆಟ್ಟಿಗೆಗೆ 'ಹಸು' ಎಂದೂ, ಹಾಗೆ ಇಳಿಸಿಕೊಳ್ಳುವುದಕ್ಕೆ 'ಹಾಲು ಕರೆಯುವುದು' ಎಂದೂ ಪ್ರಯೋಗಾಲಯಗಳಲ್ಲಿ ತಮಾಷೆಯ ಹೆಸರು. ನಮ್ಮ ದೇಶದಲ್ಲಿ ಅಣುಶಕ್ತಿ ಇಲಾಖೆಯ ಅಂಗವಾದ ಬ್ರಿಟ್ ಸಂಸ್ಥೆ ಇಂಥ ಸಾಮಗ್ರಿಯನ್ನು ಆಸ್ಪತ್ರೆಗಳಿಗೆ ಒದಗಿಸುತ್ತದೆ.

ಹೈಡಾ ಎಂಬ ಔಷಧ ಸಿಕ್ಕಿದ್ದು ಆಕಸ್ಮಿಕವಾಗಿ. ಅದಕ್ಕೂ ಮೊದಲು, 1950ರ ದಶಕದಿಂದ, ರೋಸ್ ಬೆಂಗಾಲ್ ಎಂಬ ಬಣ್ಣಕ್ಕೆ ವಿಕಿರಣಶೀಲ ಅಯೋಡಿನ್ ಸೇರಿಸಿ ಯಕೃತ್ತಿನ ಪರೀಕ್ಷೆ ಮಾಡುತ್ತಿದ್ದರು. ಆ ಅಯೋಡಿನ್ನಿನ ಅರ್ಧಾಯುಷ್ಯ 8 ದಿನ. 1970ರ ದಶಕದ ಮಧ್ಯದಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಮೈಕೆಲ್ ಲೋಬರ್ಗ್ ಮತ್ತು ಜೊತೆಗಾರರು ಹೃದಯದ ಚಿತ್ರಕ್ಕಾಗಿ, ಲಿಡೊಕೇನ್ ಔಷಧವನ್ನು ಹೋಲುವ ಅಣುವಿಗೆ ಟೆಕ್ನೀಷಿಯಂ ಜೋಡಿಸಿ ನೋಡಿದರು. ಅದು ಹೃದಯದಲ್ಲಿ ನಿಲ್ಲದೆ ನೇರ ಯಕೃತ್ತಿಗೆ ಹೋಗಿ ಪಿತ್ತರಸದಲ್ಲಿ ಇಳಿಯಿತು. ಹೃದಯಕ್ಕೆ ಉಪಯೋಗವಾಗದ್ದು ಪಿತ್ತಕೋಶಕ್ಕೆ ಹೇಳಿ ಮಾಡಿಸಿದಂತಾಯಿತು.

ಪರೀಕ್ಷೆಯ ದಿನ

ಪರೀಕ್ಷೆಗೆ ಮುನ್ನ ಕನಿಷ್ಠ 2ರಿಂದ 4 ಗಂಟೆ ಏನೂ ತಿನ್ನಬಾರದು. ತಿಂದಿದ್ದರೆ ಪಿತ್ತಕೋಶ ಹಿಂಡಿಕೊಂಡಿರುತ್ತದೆ. ಹೊಸ ಪಿತ್ತರಸ ಒಳಗೆ ಹೋಗುವುದಿಲ್ಲ. 'ಹಾಗಾದರೆ ಹೆಚ್ಚು ಉಪವಾಸ ಮಾಡಿದರೆ ಇನ್ನೂ ಒಳ್ಳೆಯದು' ಎಂದುಕೊಳ್ಳುವುದೂ ತಪ್ಪು. 24 ಗಂಟೆಗೂ ಮೀರಿ ಊಟವಿಲ್ಲದಿದ್ದರೆ ಪಿತ್ತಕೋಶ ಗಟ್ಟಿ ಪಿತ್ತದಿಂದ ತುಂಬಿರುತ್ತದೆ, ಆಗಲೂ ಔಷಧ ಒಳಹೋಗಲು ಜಾಗವಿರುವುದಿಲ್ಲ. ಎರಡೂ ಸಂದರ್ಭಗಳಲ್ಲಿ ಆರೋಗ್ಯವಂತ ಪಿತ್ತಕೋಶವೇ ಕಾಯಿಲೆ ಬಿದ್ದಂತೆ ಕಾಣಬಹುದು. ಆದ್ದರಿಂದ ಕೊನೆಯ ಬಾರಿ ಊಟ ಮಾಡಿದ್ದು ಎಷ್ಟು ಹೊತ್ತಿಗೆ ಎಂಬುದನ್ನು ಸರಿಯಾಗಿ ಹೇಳಬೇಕು.

ನೋವಿಗೆ ಮಾರ್ಫಿನ್, ಟ್ರಮಡಾಲ್‌ನಂಥ ಔಷಧ ತೆಗೆದುಕೊಂಡಿದ್ದರೆ ಅದನ್ನೂ ತಿಳಿಸಬೇಕು. ಈ ಗುಂಪಿನ ಔಷಧಗಳು ಪಿತ್ತನಾಳದ ತುದಿಯ ಸ್ನಾಯುವನ್ನು ಬಿಗಿ ಮಾಡಿ, ಇಲ್ಲದ ತಡೆಯನ್ನು ಇದ್ದಂತೆ ತೋರಿಸಬಲ್ಲವು. ಗರ್ಭಿಣಿಯಾಗಿದ್ದರೆ, ಆ ಸಾಧ್ಯತೆ ಇದ್ದರೆ, ಎದೆಹಾಲು ಕುಡಿಸುತ್ತಿದ್ದರೆ ಇಂಜೆಕ್ಷನ್ನಿಗೆ ಮೊದಲೇ ಹೇಳಬೇಕು.

ಆಮೇಲೆ ನೀವು ಮಾಡಬೇಕಾದ್ದು ಅಲುಗಾಡದೆ ಮಲಗುವುದಷ್ಟೇ. ಸುಮಾರು ಒಂದು ಗಂಟೆ ಕ್ಯಾಮೆರಾ ಚಿತ್ರಗಳನ್ನು ತೆಗೆಯುತ್ತಲೇ ಇರುತ್ತದೆ. ಎಂಆರ್‌ಐ ಯಂತ್ರದ ಹಾಗೆ ದೊಡ್ಡ ಸದ್ದಿಲ್ಲ. ಸೂಜಿ ಚುಚ್ಚಿದ ನೋವು ಬಿಟ್ಟರೆ ಇಂಜೆಕ್ಷನ್ ಒಳಹೋದದ್ದೂ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ.

ಚಿತ್ರವನ್ನು ಓದುವುದು ಹೇಗೆ?

ಎಲ್ಲವೂ ಸರಿಯಿದ್ದರೆ ಸುಮಾರು 5 ನಿಮಿಷದಲ್ಲಿ ಯಕೃತ್ತು ಬೆಳಗುತ್ತದೆ. ಬಳಿಕ ಪಿತ್ತನಾಳ, ಪಿತ್ತಕೋಶ, ಸಣ್ಣ ಕರುಳು ಕಾಣಿಸಿಕೊಳ್ಳುತ್ತವೆ. ಇಷ್ಟೂ ಒಂದು ಗಂಟೆಯೊಳಗೆ ಆಗಬೇಕು.

ಕರುಳು ಕಂಡಿತು, ಪಿತ್ತಕೋಶ ಮಾತ್ರ ಕಾಣಲಿಲ್ಲ ಎಂದರೆ? ಪಿತ್ತಕೋಶಕ್ಕೆ ಹೋಗುವ ಸಣ್ಣ ನಾಳ ಮುಚ್ಚಿಕೊಂಡಿರಬಹುದು. ತೀವ್ರ ಉರಿಯೂತದಲ್ಲಿ ಆಗುವುದು ಇದೇ: ಹೆಚ್ಚಾಗಿ ಒಂದು ಕಲ್ಲು ಆ ನಾಳದ ಬಾಯಿಯಲ್ಲಿ ಸಿಕ್ಕಿಬಿದ್ದಿರುತ್ತದೆ. ಆದರೆ ವೈದ್ಯರು ಅಲ್ಲಿಗೇ ತೀರ್ಮಾನಕ್ಕೆ ಬರುವುದಿಲ್ಲ. ಒಂದೋ 3ರಿಂದ 4 ಗಂಟೆ ಕಾದು ಮತ್ತೆ ಚಿತ್ರ ತೆಗೆಯುತ್ತಾರೆ. ಇಲ್ಲವೇ ಸ್ವಲ್ಪ ಮಾರ್ಫಿನ್ ಕೊಟ್ಟು ಇನ್ನೂ ಅರ್ಧ ಗಂಟೆ ನೋಡುತ್ತಾರೆ. ಮೊದಲು ಬೇಡವೆಂದ ಮಾರ್ಫಿನ್ ಈಗ ಏಕೆ? ಅದೇ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೆಳಗಿನ ಸ್ನಾಯು ಬಿಗಿಯಾದರೆ ನಾಳದಲ್ಲಿ ಒತ್ತಡ ಏರಿ, ದಾರಿ ತೆರೆದಿದ್ದಲ್ಲಿ ಪಿತ್ತರಸ ಪಿತ್ತಕೋಶಕ್ಕೆ ನುಗ್ಗುತ್ತದೆ. ಕೆಳಗಿನ ತೂಬು ಮುಚ್ಚಿದರೆ ನೀರು ಪಕ್ಕದ ಕಾಲುವೆಗೆ ತಿರುಗುವ ಹಾಗೆ. ಆಗಲೂ ಪಿತ್ತಕೋಶ ಕಾಣದಿದ್ದರೆ ತೀವ್ರ ಉರಿಯೂತದ ಸಾಧ್ಯತೆ ಬಲವಾಗುತ್ತದೆ.

ಯಕೃತ್ತು ಚೆನ್ನಾಗಿ ಬೆಳಗಿ, ನಾಳವಾಗಲಿ ಕರುಳಾಗಲಿ ಕಾಣದೇ ಹೋದರೆ ಮುಖ್ಯ ಪಿತ್ತನಾಳವೇ ಪೂರ್ತಿ ಮುಚ್ಚಿರಬಹುದು. ಹೊಸದಾಗಿ ಉಂಟಾದ ತಡೆಯಲ್ಲಿ, ನಾಳ ಅಲ್ಟ್ರಾಸೌಂಡಿನಲ್ಲಿ ಹಿಗ್ಗಿದಂತೆ ಕಾಣುವ ಮೊದಲೇ ಇಲ್ಲಿ ಸುಳಿವು ಸಿಗುವುದುಂಟು. ಯಕೃತ್ತೇ ಮಸುಕಾಗಿದ್ದು ಔಷಧ ರಕ್ತದಲ್ಲೇ ಉಳಿದಿದ್ದರೆ, ತೊಂದರೆ ನಾಳಕ್ಕಿಂತ ಹೆಚ್ಚಾಗಿ ಯಕೃತ್ತಿನ ಜೀವಕೋಶಗಳಲ್ಲಿದೆ ಎಂದರ್ಥ.

ಪಿತ್ತಕೋಶ ಎಷ್ಟು ಹಿಂಡುತ್ತದೆ?

ಕಲ್ಲಿಲ್ಲ, ಊತವಿಲ್ಲ, ಆದರೂ ಊಟದ ನಂತರ ಪದೇಪದೇ ಅದೇ ನೋವು ಬರುವವರಿದ್ದಾರೆ. ಇವರಲ್ಲಿ ಪಿತ್ತಕೋಶ ತುಂಬಿದ ಮೇಲೆ ಅದು ಎಷ್ಟು ಖಾಲಿಯಾಗುತ್ತದೆ ಎಂದು ಅಳೆಯಬಹುದು. ಕೊಲಿಸಿಸ್ಟೊಕೈನಿನ್ ಹಾರ್ಮೋನಿನಂತೆ ಕೆಲಸ ಮಾಡುವ ಸಿಂಕಲೈಡ್ ಎಂಬ ಔಷಧವನ್ನು ಒಂದು ಗಂಟೆಯ ಕಾಲ ನಿಧಾನವಾಗಿ ಕೊಡುತ್ತಾರೆ. ಮೊದಲು 1000 ಎಣಿಕೆ ಇದ್ದದ್ದು ಕೊನೆಗೆ 550ಕ್ಕೆ ಇಳಿದರೆ 45 ಶೇಕಡಾ ಖಾಲಿಯಾಗಿದೆ ಎಂದು ಲೆಕ್ಕ. ಈ ವಿಧಾನದಲ್ಲಿ 38 ಶೇಕಡಾ ಅಥವಾ ಹೆಚ್ಚಿದ್ದರೆ ಸಹಜ. ಸಿಂಕಲೈಡ್ ಸಿಗದ ಕಡೆ ಹಾಲಿನಂಥ ಕೊಬ್ಬಿನಂಶದ ಆಹಾರ ಕೊಟ್ಟು ನೋಡುತ್ತಾರೆ. ಅದರ ಸಹಜ ಮಿತಿ ಬೇರೆ.

ಇಲ್ಲೊಂದು ಎಚ್ಚರಿಕೆ ಬೇಕು. ಸಂಖ್ಯೆ ಕಡಿಮೆ ಬಂತೆಂದು ಕೂಡಲೇ ಪಿತ್ತಕೋಶ ತೆಗೆಸಿಕೊಳ್ಳಬೇಕಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ, ಕೆಲವು ಔಷಧಗಳನ್ನು ತೆಗೆದುಕೊಳ್ಳುವವರಲ್ಲಿ, ಏನೂ ತೊಂದರೆ ಇಲ್ಲದ ಕೆಲವರಲ್ಲೂ ಅದು ಕಡಿಮೆ ಇರಬಹುದು. ನೋವಿನ ಸ್ವರೂಪ ಪಿತ್ತಕೋಶದ್ದೇ ಎಂದು ಅನ್ನಿಸುತ್ತಿದ್ದು, ಬೇರೆ ಕಾರಣಗಳನ್ನು ಪರಿಶೀಲಿಸಿ ಆಗಿದ್ದರೆ ಮಾತ್ರ ಈ ಸಂಖ್ಯೆಗೆ ಬೆಲೆ.

ಶಸ್ತ್ರಚಿಕಿತ್ಸೆಯ ನಂತರ ಸೋರಿಕೆ

ಪಿತ್ತಕೋಶ ತೆಗೆದ ಕೆಲವು ದಿನಗಳಲ್ಲಿ ಹೊಟ್ಟೆನೋವು, ಉಬ್ಬರ, ಜ್ವರ ಬಂದರೆ ಪಿತ್ತರಸ ಹೊಟ್ಟೆಯೊಳಗೆ ಸೋರುತ್ತಿದೆಯೇ ಎಂದು ನೋಡಬೇಕಾಗುತ್ತದೆ. ಅಲ್ಟ್ರಾಸೌಂಡಿನಲ್ಲಿ ದ್ರವ ಸೇರಿರುವುದು ಕಾಣುತ್ತದೆ, ಆದರೆ ಅದು ರಕ್ತವೋ ಪಿತ್ತರಸವೋ ಎಂದು ಹೇಳುವುದು ಕಷ್ಟ. ಹೈಡಾ ಸ್ಕ್ಯಾನಿನಲ್ಲಿ ಔಷಧ ಕರುಳಿನ ದಾರಿ ಬಿಟ್ಟು ಹೊರಗೆ ಹರಡುತ್ತಿದ್ದರೆ ಸೋರಿಕೆ ಖಚಿತ, ಅದು ಇನ್ನೂ ಮುಂದುವರಿದಿದೆ ಎಂಬುದೂ ಖಚಿತ. ಸೋರುವ ನಿಖರ ಜಾಗವನ್ನು ತಿಳಿಯಲು ಮತ್ತು ಸರಿಪಡಿಸಲು ಇಆರ್‌ಸಿಪಿಯಂಥ ವಿಧಾನಗಳು ಬೇಕು.

ಹಸುಗೂಸಿನ ಕಾಮಾಲೆ: ಇಲ್ಲಿ ದಿನಗಳ ಲೆಕ್ಕ ಮುಖ್ಯ

ಹುಟ್ಟಿದ ಮಕ್ಕಳಲ್ಲಿ ಮೊದಲ ವಾರ ಕಾಣುವ ಹಳದಿ ಹೆಚ್ಚಾಗಿ ತಾನೇ ಇಳಿಯುತ್ತದೆ. ಆದರೆ ಎರಡು ವಾರ ಕಳೆದರೂ ಕಣ್ಣು ಹಳದಿಯಾಗಿದ್ದರೆ, ಮಲ ಬಿಳಿಚಿಕೊಂಡು ಸುಣ್ಣದ ಅಥವಾ ಜೇಡಿಮಣ್ಣಿನ ಬಣ್ಣಕ್ಕಿದ್ದರೆ, ಮೂತ್ರ ಬಟ್ಟೆಗೆ ಗಾಢ ಹಳದಿ ಕಲೆ ಮಾಡುತ್ತಿದ್ದರೆ ಅದು ಬೇರೆಯೇ ಸಂಗತಿ. ಮಲಕ್ಕೆ ಬಣ್ಣ ಬರುವುದು ಪಿತ್ತರಸದಿಂದ. ಬಣ್ಣವಿಲ್ಲ ಎಂದರೆ ಪಿತ್ತರಸ ಕರುಳಿಗೆ ಇಳಿಯುತ್ತಿಲ್ಲ ಎಂದರ್ಥ.

ಅಪರೂಪವಾದರೂ ಗಂಭೀರವಾದ ಕಾರಣವೊಂದಿದೆ: ಬಿಲಿಯರಿ ಅಟ್ರೀಸಿಯಾ, ಅಂದರೆ ಪಿತ್ತನಾಳಗಳು ಮುಚ್ಚಿಹೋಗುವ ಕಾಯಿಲೆ. ಜಪಾನಿನ ಮೊರಿಯೊ ಕಸಾಯ್ ರೂಪಿಸಿದ ಶಸ್ತ್ರಚಿಕಿತ್ಸೆಯಿಂದ ಕರುಳನ್ನೇ ಯಕೃತ್ತಿಗೆ ಜೋಡಿಸಿ ಪಿತ್ತರಸಕ್ಕೆ ದಾರಿ ಮಾಡಬಹುದು. ಅದು ಮಗುವಿಗೆ 60 ದಿನ ತುಂಬುವುದರೊಳಗೆ ನಡೆದರೆ ಫಲ ಸಿಗುವ ಸಾಧ್ಯತೆ ಹೆಚ್ಚು. ತಡವಾದಷ್ಟೂ ಯಕೃತ್ತು ಗಡುಸಾಗುತ್ತದೆ, ಕೊನೆಗೆ ಯಕೃತ್ತಿನ ಕಸಿಯೊಂದೇ ದಾರಿಯಾಗಿ ಉಳಿಯಬಹುದು.

ಹೈಡಾ ಸ್ಕ್ಯಾನಿನಲ್ಲಿ 24 ಗಂಟೆಯೊಳಗೆ ಮಗುವಿನ ಕರುಳಿನಲ್ಲಿ ಔಷಧ ಕಂಡರೆ ಬಿಲಿಯರಿ ಅಟ್ರೀಸಿಯಾ ಇಲ್ಲ ಎನ್ನಬಹುದು. ಕಾಣದಿದ್ದರೆ ಮಾತ್ರ ಅದೇ ಕಾಯಿಲೆ ಎಂದು ಹೇಳಲಾಗದು. ಯಕೃತ್ತಿನ ಉರಿಯೂತದಲ್ಲೂ ಹಾಗಾಗುತ್ತದೆ. ಸ್ಪಷ್ಟತೆಗಾಗಿ ಪರೀಕ್ಷೆಗೆ ಮುನ್ನ 3ರಿಂದ 5 ದಿನ ಫಿನೊಬಾರ್ಬಿಟಾಲ್ ಔಷಧ ಕೊಡುವ ರೂಢಿಯಿದೆ. ಮಗು ಈಗಾಗಲೇ 60 ದಿನದ ಹತ್ತಿರವಿದ್ದರೆ ಆ ದಿನಗಳೂ ದುಬಾರಿ; ಆಗ ವೈದ್ಯರು ನೇರವಾಗಿ ಯಕೃತ್ತಿನ ಬಯಾಪ್ಸಿಗೆ ಹೋಗಬಹುದು.

ನಮ್ಮ ಕಡೆ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡಿಸುವ, ಮಗುವನ್ನು ಎಳೆಬಿಸಿಲಿಗೆ ಹಿಡಿಯುವ ಪದ್ಧತಿ ಇದೆ. ಮುಚ್ಚಿದ ನಾಳವನ್ನು ಬಿಸಿಲು ತೆರೆಯುವುದಿಲ್ಲ, ಸೊಪ್ಪೂ ತೆರೆಯುವುದಿಲ್ಲ. ಹೀಗೆ ಕಳೆದುಹೋಗುವ ನಾಲ್ಕಾರು ವಾರಗಳು ಮಗುವಿನ ಪಾಲಿಗೆ ಮತ್ತೆ ಸಿಗುವುದಿಲ್ಲ.

ಕೆಲವು ತಪ್ಪು ತಿಳಿವಳಿಕೆಗಳು

'ನ್ಯೂಕ್ಲಿಯರ್ ಎಂದರೆ ಅಪಾಯಕಾರಿ ವಿಕಿರಣ.' ವಿಕಿರಣ ಇದೆ ಎಂಬುದು ನಿಜ, ಪ್ರಮಾಣ ಎಷ್ಟೆಂಬುದು ಮುಖ್ಯ. ವಯಸ್ಕರ ಒಂದು ಹೈಡಾ ಸ್ಕ್ಯಾನಿನಲ್ಲಿ ಸುಮಾರು 3 ಮಿಲಿಸೀವರ್ಟ್. ಪ್ರಕೃತಿಯಿಂದಲೇ ನಮಗೆ ವರ್ಷಕ್ಕೆ ಬರುವ ಜಾಗತಿಕ ಸರಾಸರಿ ಸುಮಾರು 2.4 ಮಿಲಿಸೀವರ್ಟ್. ಹೊಟ್ಟೆಯ ಸಿಟಿ ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು. ಅಗತ್ಯವಿದ್ದಾಗ ಹೆದರಬೇಕಿಲ್ಲ, ಅಗತ್ಯವಿಲ್ಲದೆ ಮಾಡಿಸಬೇಕಿಲ್ಲ.

'ವಿಕಿರಣ ದೇಹದಲ್ಲೇ ಉಳಿಯುತ್ತದೆ.' ಒಂದು ದಿನದಲ್ಲಿ ನಾಲ್ಕು ಅರ್ಧಾಯುಷ್ಯಗಳು ಕಳೆಯುವುದರಿಂದ ಹದಿನಾರರಲ್ಲಿ ಒಂದು ಪಾಲು, ಎರಡು ದಿನಕ್ಕೆ 256ರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಮಲಮೂತ್ರದಲ್ಲಿ ಹೊರಹೋಗುವುದು ಬೇರೆ. ಆ ದಿನ ಶೌಚದ ನಂತರ ಹೆಚ್ಚು ನೀರು ಹಾಕಿ, ಕೈ ಚೆನ್ನಾಗಿ ತೊಳೆದು, ಪುಟ್ಟ ಮಕ್ಕಳನ್ನು ಬಹಳ ಹೊತ್ತು ಎತ್ತಿಕೊಳ್ಳದಿದ್ದರೆ ಸಾಕು.

'ಸಿಟಿ ಡೈ ಅಲರ್ಜಿ ಇದ್ದರೆ ಇದೂ ಆಗದು.' ಇದು ಸಿಟಿಯಲ್ಲಿ ಬಳಸುವ ಅಯೋಡಿನ್ ಡೈ ಅಲ್ಲ. ಅಲರ್ಜಿ ತೀರಾ ವಿರಳ. ಆದರೂ ಹಳೆಯ ಅಲರ್ಜಿಗಳ ವಿಷಯವನ್ನು ಹೇಳಿಡುವುದು ಒಳ್ಳೆಯದು.

'ಆಲಿವ್ ಎಣ್ಣೆ, ನಿಂಬೆರಸ ಕುಡಿದರೆ ಕಲ್ಲು ಹೊರಬರುತ್ತದೆ.' ಮೊಬೈಲಿನಲ್ಲಿ ಹರಿದಾಡುವ 'ಲಿವರ್ ಫ್ಲಶ್' ಇದೇ. ಮಲದಲ್ಲಿ ಹಸಿರು ಉಂಡೆಗಳು ಬರುವುದು ನಿಜ. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವರದಿಯೊಂದರಲ್ಲಿ ಅಂಥ ಉಂಡೆಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಕೊಲೆಸ್ಟರಾಲ್ ಆಗಲಿ ಬಿಲಿರುಬಿನ್ ಆಗಲಿ ಇರಲಿಲ್ಲ. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನಂತಾಗಿ ಹೊರಬಂದಿತ್ತು. ಕಲ್ಲಿರುವವರು ಒಮ್ಮೆಗೇ ಅಷ್ಟು ಎಣ್ಣೆ ಕುಡಿದರೆ ಪಿತ್ತಕೋಶ ಜೋರಾಗಿ ಹಿಂಡಿ ಕಲ್ಲು ನಾಳದಲ್ಲಿ ಸಿಕ್ಕಿಕೊಳ್ಳುವ ಅಪಾಯವೂ ಇದೆ.

'ಹೈಡಾ ಸ್ಕ್ಯಾನ್ ಸರಿ ಇದೆ ಎಂದರೆ ಕಲ್ಲಿಲ್ಲ.' ಈ ಪರೀಕ್ಷೆ ಕಲ್ಲನ್ನು ನೋಡುವುದಿಲ್ಲ, ಹರಿವನ್ನು ನೋಡುತ್ತದೆ. ಕಲ್ಲಿದ್ದೂ ಹರಿವು ಸರಿಯಿರಬಹುದು.

ಯಾವಾಗ ಕಾಯಬಾರದು?

ಬಲಪಕ್ಕೆಯ ಕೆಳಗಿನ ನೋವು ಕೆಲವು ಗಂಟೆಗಳಾದರೂ ಇಳಿಯದಿದ್ದರೆ, ಜೊತೆಗೆ ಜ್ವರ, ಚಳಿ ಅಥವಾ ವಾಂತಿ ಇದ್ದರೆ, ಕಣ್ಣು ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಯಾವ ಸ್ಕ್ಯಾನ್ ಬೇಕೆಂಬುದನ್ನು ಅಲ್ಲಿ ತೀರ್ಮಾನಿಸುತ್ತಾರೆ. ಹೈಡಾ ಬರೆದುಕೊಟ್ಟರೆ ಎರಡು ಪ್ರಶ್ನೆ ಕೇಳಿ: 'ಇದರಿಂದ ಯಾವ ಅನುಮಾನ ಬಗೆಹರಿಯುತ್ತದೆ? ಉತ್ತರ ಹೀಗೆ ಬಂದರೆ ಮುಂದೆ ಏನು ಮಾಡುತ್ತೀರಿ?' ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಮನೆಯಲ್ಲಿ ಹಸುಗೂಸಿದ್ದರೆ ಬಟ್ಟೆ ಬದಲಿಸುವಾಗ ಮಲದ ಬಣ್ಣದ ಮೇಲೆ ಒಂದು ಕಣ್ಣಿಡಿ. ಬಿಳಿಚಿದ ಮಲ ಕಂಡ ದಿನವೇ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಿ.